ನಲವತ್ತನೆಯ ಸೆಲ್

ಹೋದ ವಾರ ನಮ್ಮ ಚಿಕ್ಕಲಸಂದ್ರದ ದಿನಸಿ ಅಂಗಡಿಯಲ್ಲಿ ಅಂಗಡಿಯಾಕೆಯ ಕೈಜಾರಿ ಪೌಡರ್ ಡಬ್ಬಿಯೊಂದು ಕೆಳಗೆ ಬಿದ್ದು ಮುಚ್ಚಳ ಹಾರಿಹೋಯಿತು. ಬೆಳ್ಳನೆಯ ಪುಡಿ ಅಕ್ಕಿಮೂಟೆಗಳ ಮೇಲೆಲ್ಲ ಹರಡಿ ಅಂಗಡಿ ತುಂಬ ಅದರದೇ ಘಮ. ಅಲ್ಲಿದ್ದವರೆಲ್ಲ ನಕ್ಕರು. ನಾನು ಮಾತ್ರ ಹುಣಸೆಹಣ್ಣು ಕೊಳ್ಳುವುದನ್ನೂ ಮರೆತು ಹೊರಗೆ ಬಂದು ನಿಂತೆ. ಮೂರು ವರ್ಷದ ಹಿಂದಿನ ಒಂದು ಮಳೆಗಾಲವಿಡೀ ನನ್ನ ಮೇಜಿನ ಮೇಲಿದ್ದ ವಾಸನೆ ಅದು. ಆ ಮಳೆಗಾಲವನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆಗ ನಮ್ಮ ಮನೆಯ ನೆಲಮಹಡಿಯಲ್ಲಿ ಗಿರಿಜಾ ಎಂಬುವವರು ಬಾಡಿಗೆಗಿದ್ದರು. ದಾವಣಗೆರೆ ಕಡೆಯವರು, ನಲವತ್ತರ ಆಸುಪಾಸಿನ ವಯಸ್ಸು, ಹುಟ್ಟಿನಿಂದಲೇ ಕಣ್ಣು ಕಾಣದು. ಒಬ್ಬರೇ ಇದ್ದರು. ಬೆಳಗ್ಗೆ ಎಂಟೂವರೆಗೆ ಹಣೆಗೆ ವಿಭೂತಿ ಇಟ್ಟು, ಹೆಗಲಿಗೆ ಚೀಲ ಹಾಕಿ, ಬಿಳಿ ಕೋಲು ಹಿಡಿದು ಹೊರಟರೆ ಗೇಟಿನಿಂದ ಬಸ್ ಸ್ಟಾಪಿನವರೆಗೆ ಒಂದು ಹೆಜ್ಜೆ ಅತ್ತಿತ್ತ ಆಗುತ್ತಿರಲಿಲ್ಲ. ಜೆ.ಪಿ. ನಗರದಲ್ಲಿ ಔಷಧಿಗಳ ಸಗಟು ವ್ಯಾಪಾರದ ಒಂದು ಆಫೀಸಿನಲ್ಲಿ ಅವರಿಗೆ ಕೆಲಸ. ಮೆಡಿಕಲ್ ಶಾಪುಗಳಿಂದ ಬರುವ ಮೇಲ್‌ಗಳನ್ನು ಓದಿ, ಯಾವ ಮಾತ್ರೆ ಎಷ್ಟು ಬೇಕಂತೆ ಎಂದು ಕಂಪ್ಯೂಟರಿಗೆ ಹತ್ತಿಸಬೇಕು. ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿದ್ದರೂ ಒಂದು ದಿನ ನಲ್ಲಿ ಸೋರುತ್ತದೆ ಎಂದವರಲ್ಲ, ನೀರು ಬರಲಿಲ್ಲ ಎಂದವರಲ್ಲ. ಬಾಡಿಗೆದಾರರೆಂದರೆ ಹೀಗಿರಬೇಕು ಎಂದು ನಾನು ಎರಡನೆಯ ಮಹಡಿಯವರ ಮುಂದೆ ಹೊಗಳುತ್ತಿದ್ದೆ.

ನನ್ನ ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಮನೆ ನಿಂತಿರುವುದು. ನಾನು ಓದಿ, ಒಂದು ಕಂಪನಿ ಸೇರಿ, ಇಪ್ಪತ್ತೈದು ವರ್ಷ ಪ್ರಿಂಟರುಗಳು ಕಂಪ್ಯೂಟರಿನ ಮಾತು ಕೇಳುವಂತೆ ಮಾಡುವ ಸಣ್ಣ ಪ್ರೋಗ್ರಾಮುಗಳನ್ನು ಬರೆದವನು. ಐವತ್ತೆರಡಕ್ಕೆ ಕಂಪನಿಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಮನೆಗೆ ಕಳಿಸಿದರು. ಅಲ್ಲಿಂದಾಚೆಗೆ ನಾನು ಬರೀ ಓನರ್. ಮೋಟರ್ ಹಾಕುವುದು, ಆರಿಸುವುದು, ಯಾರ ಸ್ಕೂಟರ್ ಗೇಟಿಗೆ ಅಡ್ಡ ನಿಂತಿದೆ ಎಂದು ನೋಡುವುದು. ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ನಾನಿನ್ನೂ ಕೆಲಸಕ್ಕೆ ಬರುವ ಮನುಷ್ಯ ಎಂದು ಯಾರಾದರೂ ಹೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದೆ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಭಾನುವಾರ ನನ್ನ ಹೆಂಡತಿ ಸುಧಾ ಸೊಪ್ಪು ಬಿಡಿಸುತ್ತ ಹೇಳಿದಳು.

"ಕೆಳಗಡೆ ಗಿರಿಜಾಗೆ ಅದೇನೋ ಕಂಪ್ಯೂಟರ್ ತೊಂದ್ರೆಯಂತೆ. ನಿಮ್ಮನ್ನ ಕೇಳೋಕೆ ಹೆದರ್ತಾಳೆ. ಸ್ವಲ್ಪ ಹೋಗಿ ನೋಡಿ."

"ನಾನೇನು ಹುಲಿನಾ, ಹೆದರೋಕೆ?"

"ಓನರ್ ಅಲ್ವಾ. ಅದಕ್ಕೇ."

ಇಬ್ಬರೂ ನಕ್ಕೆವು. ನಾನು ಕೆಳಗೆ ಹೋದೆ.

ಗಿರಿಜಾ ಅವರ ಮೇಜಿನ ಮೇಲೆ ಕೀಬೋರ್ಡಿನಷ್ಟು ಉದ್ದದ ಒಂದು ಕಪ್ಪು ಪಟ್ಟಿ ಇತ್ತು. ಬ್ರೈಲ್ ಡಿಸ್‌ಪ್ಲೇ. ಅದರ ಮುಂಬದಿಯಲ್ಲಿ ಸಾಲಾಗಿ ನಲವತ್ತು ಪುಟ್ಟ ಕಿಂಡಿಗಳು, ಒಂದೊಂದು ಕಿಂಡಿಯಲ್ಲಿ ಎಂಟೆಂಟು ಪಿನ್ನುಗಳು. ಕಂಪ್ಯೂಟರಿನಲ್ಲಿ ಏನು ಬಂದರೂ ಆ ಪಿನ್ನುಗಳು ಎದ್ದು ಇಳಿದು ಬ್ರೈಲ್ ಅಕ್ಷರಗಳಾಗುತ್ತವೆ. ಕಿಂಡಿಗೆ ಸೆಲ್ ಎನ್ನುತ್ತಾರೆ. ಗಿರಿಜಾ ಎಡಗೈ ತೋರುಬೆರಳಿಗೆ ಪೌಡರ್ ಸವರಿಕೊಂಡು ಸಾಲಿನ ಮೇಲೆ ಜಾರಿಸಿ ತೋರಿಸಿದರು.

"ಮಳೆಗಾಲದಲ್ಲಿ ಬೆರಳು ಅಂಟುತ್ತೆ ಸಾರ್. ಪೌಡರ್ ಹಾಕ್ಕೊಂಡ್ರೆ ಸಲೀಸು."

"ಪೌಡರ್ ಒಳಗೆ ಹೋದ್ರೆ ಪಿನ್ ಕಚ್ಕೊಳ್ಳುತ್ತೆ. ಹಾಕ್ಬೇಡಿ," ಎಂದು ನಾನು ಮೊದಲ ದಿನವೇ ಗದರಿದೆ. ಆ ಸಾಧನದ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಸೊನ್ನೆ.

ತೊಂದರೆ ಇಷ್ಟು. ಅದನ್ನು ಅವರಿಗೆ ಬಳಸಲು ಕೊಟ್ಟಿದ್ದು ಒಂದು ಟ್ರಸ್ಟ್. ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು. ಅದರ ಜೊತೆ ಬಂದಿದ್ದ ಪ್ರೋಗ್ರಾಮ್ ವಿಂಡೋಸ್ ಬಿಟ್ಟು ಬೇರೆ ಕಡೆ ಓಡುತ್ತಿರಲಿಲ್ಲ. ಅವರ ಆಫೀಸಿನಲ್ಲಿ ದಸರೆ ಹೊತ್ತಿಗೆ ಎಲ್ಲ ಕಂಪ್ಯೂಟರುಗಳಿಂದಲೂ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕುವುದೆಂದು ತೀರ್ಮಾನವಾಗಿತ್ತು.

"ಮಾತಾಡೋ ಸಾಫ್ಟ್‌ವೇರ್ ಇದ್ಯಲ್ಲ. ಹೆಡ್‌ಫೋನ್ ಹಾಕ್ಕೊಂಡು ಕೇಳಿಸ್ಕೊಂಡ್ರೆ ಆಯ್ತಲ್ಲ?" ಎಂದೆ.

ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ತಗ್ಗಿದ ದನಿಯಲ್ಲಿ ಹೇಳಿದರು.

"ಯಾರಿಗೂ ಹೇಳ್ಬೇಡಿ ಸಾರ್. ನನಗೆ ಕಿವಿ ಹೋಗ್ತಾ ಇದೆ. ಬಲಗಡೇದು ಪೂರ್ತಿ ಹೋಯ್ತು. ಎಡಗಡೆ ಸ್ವಲ್ಪ ಇದೆ, ಅದೂ ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಹೆಡ್‌ಫೋನಲ್ಲಿ ಬರೀ ಗೊರಗೊರ ಅನ್ಸುತ್ತೆ. ಇಷ್ಟು ದಿನ ಇದರಲ್ಲೇ ಓದ್ಕೊಂಡು ಮ್ಯಾನೇಜ್ ಮಾಡಿದೀನಿ." ಡಿಸ್‌ಪ್ಲೇ ಮೇಲೆ ಕೈ ಇಟ್ಟರು. "ಹೊಸ ಸಿಸ್ಟಮಲ್ಲಿ ಇದು ಓಡ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತು ಅಂತಾನೇ. ದೀಪಾವಳಿವರೆಗೂ ನೋಡ್ತೀವಿ ಅಂದಿದಾರೆ ಮ್ಯಾನೇಜರ್."

ಆಗಲೇ ನನಗೆ ಅರ್ಥವಾಗಿದ್ದು, ನಾನು ಮಾತಾಡುವಾಗೆಲ್ಲ ಅವರು ಯಾಕೆ ಎಡಗೆನ್ನೆ ಮುಂದೆ ಮಾಡುತ್ತಿದ್ದರು ಎಂದು. ಗತ್ತು ಎಂದುಕೊಂಡಿದ್ದೆ.

"ಇದೇನು ಮಹಾ ಬಿಡಿ. ಪ್ರಿಂಟರ್ ಥರಾನೇ ಇದು. ನಾನು ಮಾಡಿಕೊಡ್ತೀನಿ," ಎಂದೆ. ಆ ಕ್ಷಣಕ್ಕೆ ಎಷ್ಟು ಖುಷಿಯಾಗಿತ್ತೆಂದರೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲೆ ಬಂದೆ.

ಮಹಾ ಆಗಿಯೇ ಇತ್ತು. ಆ ಸಾಧನದ ಬಗ್ಗೆ ಒಂದು ಹಾಳೆ ವಿವರಣೆ ಎಲ್ಲಿಯೂ ಸಿಗಲಿಲ್ಲ. ವಿಂಡೋಸಿನಲ್ಲಿ ಓಡಿಸಿ, ಕೇಬಲ್ಲಿನೊಳಗೆ ಹರಿಯುವ ಅಂಕಿಗಳನ್ನು ಹಿಡಿದು, ಯಾವ ಅಂಕಿ ಹೋದರೆ ಯಾವ ಪಿನ್ ಏಳುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು, ಅದನ್ನೇ ಲಿನಕ್ಸಿನಿಂದ ಕಳಿಸಬೇಕು. ಹಗಲು ಡಿಸ್‌ಪ್ಲೇ ಅವರ ಆಫೀಸಿನಲ್ಲಿ ಇರುತ್ತಿತ್ತು. ಸಂಜೆ ಬಂದು, ಕಾಲು ತೊಳೆದು, ಅದನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ತರುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ. ಸುಧಾ ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದು ಅವರು ಕುರ್ಚಿಯಲ್ಲಿ ಕಾಯುತ್ತ ಕೂರುತ್ತಿದ್ದರು. ನಾನು ಏನೋ ಕಳಿಸುತ್ತಿದ್ದೆ, ಪಿನ್ನುಗಳು ಒಮ್ಮೆಲೇ ಎದ್ದು ಸತ್ತಹಾಗೆ ಬಿದ್ದುಬಿಡುತ್ತಿದ್ದವು. ನಾನು ಬೈದುಕೊಳ್ಳುತ್ತಿದ್ದೆ. ಅವರು "ಆಗುತ್ತೆ ಬಿಡಿ ಸಾರ್" ಎನ್ನುತ್ತಿದ್ದರು. ಐದು ವಾರ ಹೀಗೇ ಹೋಯಿತು.

ಶ್ರಾವಣದ ಎರಡನೆಯ ಶುಕ್ರವಾರ, ಸುಧಾ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಅವರನ್ನು ಮೇಲೆ ಕರೆದಿದ್ದಳು. ಹೆಂಗಸರೆಲ್ಲ ಹೋದ ಮೇಲೆ ಕೇಬಲ್ ಚುಚ್ಚಿ, ಲಿನಕ್ಸಿನಲ್ಲಿ ಒಂದು ಸಾಲು ಟೈಪ್ ಮಾಡಿದೆ. ಪಿನ್ನುಗಳು ಎದ್ದವು. ಎದ್ದವು ಬೀಳಲಿಲ್ಲ. ಗಿರಿಜಾ ಬೆರಳಾಡಿಸಿ, ನಿಧಾನಕ್ಕೆ, ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದರು. "ಗಿರಿಜಾ ಅವರಿಗೆ ನಮಸ್ಕಾರ."

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಯಾರೂ ನೋಡಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ. "ಹೇಗಿದೆ?" ಎಂದು ಕೇಳಿದೆ.

"ಸೂಪರ್ ಆಗಿದೆ ಸಾರ್."

ಅಲ್ಲಿಗೆ ನಿಲ್ಲಿಸಿ, ಅವರ ಪಕ್ಕದಲ್ಲಿ ಕೂತು ಆಫೀಸಿನ ಹತ್ತು ಮೇಲ್‌ಗಳನ್ನು ಓದಿಸಿದ್ದರೆ ಈ ಬರಹ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ನನಗೆ ತಲೆಗೇರಿತ್ತು. ಒಂದು ಸಿಸ್ಟಮ್ ಏಕೆ, ಒಂದೇ ಪ್ರೋಗ್ರಾಮು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಕೊನೆಗೆ ಫೋನಿನಲ್ಲೂ ಓಡಬೇಕು ಎಂದು ಹಟಕ್ಕೆ ಬಿದ್ದೆ. ಅವರ ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಓಡುತ್ತಿದ್ದ ಹಳೆಯ ಪ್ರೋಗ್ರಾಮನ್ನು ತೆಗೆದು ಅಲ್ಲಿಗೂ ನನ್ನದನ್ನೇ ಹಾಕಿದೆ. ಗಣೇಶನ ಹಬ್ಬ ಬಂತು, ನಮ್ಮ ರಸ್ತೆಯ ಪೆಂಡಾಲಿನ ಸ್ಪೀಕರಿನ ಅಬ್ಬರಕ್ಕೆ ಕಿಟಕಿ ಗಾಜು ಅದುರುತ್ತಿದ್ದರೂ ನಾನು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಫೋನಿನಲ್ಲೂ ಓಡಿದ ದಿನ ಹಳೆಯ ಸಹೋದ್ಯೋಗಿಗಳಿಗೆಲ್ಲ ಮೆಸೇಜ್ ಹಾಕಿ ಕೊಚ್ಚಿಕೊಂಡೆ.

ಪ್ರತಿ ಭಾನುವಾರ ಬೆಳಗ್ಗೆ ಮೋಟರ್ ಆರಿಸಿ ಬರುವಾಗ ಅವರ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. "ಏನಾದ್ರೂ ತೊಂದ್ರೆ ಇದ್ಯಾ?"

"ಏನೂ ಇಲ್ಲ ಸಾರ್. ಚೆನ್ನಾಗಿ ಓಡ್ತಾ ಇದೆ."

ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು, ಒಳಗೆ ಕಾಲಿಡದೆ, ಓನರುಗಳು ಕೇಳುವ ಹಾಗೆಯೇ ಕೇಳುತ್ತಿದ್ದೆ. ಅವರು ಓದುವಾಗ ಸಾಲಿನ ಕೊನೆಯಲ್ಲಿ ಬೆರಳು ಒಂದು ಕ್ಷಣ ನಿಲ್ಲುವುದನ್ನು ಬಾಗಿಲಿಂದಲೇ ಎಷ್ಟೋ ಸಲ ನೋಡಿದ್ದೆ. ಹೊಸದಲ್ಲವೇ, ನಿಧಾನ ಎಂದುಕೊಂಡೆ. ಈ ನಡುವೆ ಅವರ ಎಡಗಿವಿಯೂ ಕಡಿಮೆಯಾಗುತ್ತ ಬಂದಿತ್ತು. ಮೊದಲು ಮೆಲ್ಲಗೆ ಮಾತಾಡಿದರೆ ಕೇಳಿಸುತ್ತಿತ್ತು, ನವರಾತ್ರಿಯ ಹೊತ್ತಿಗೆ ಹತ್ತಿರ ನಿಂತು ಜೋರಾಗಿ ಹೇಳಬೇಕಾಯಿತು.

ಆಯುಧಪೂಜೆಯ ದಿನ ಸುಧಾ ಡಿಸ್‌ಪ್ಲೇಗೂ ಅರಿಶಿನ ಕುಂಕುಮ ಇಟ್ಟು ಒಂದು ಎಸಳು ಸೇವಂತಿಗೆ ಸಿಕ್ಕಿಸಿದಳು. ಪಿನ್ನಿನೊಳಗೆ ಕುಂಕುಮ ಹೋದೀತು ಎಂದು ನಾನು ಕೂಗಾಡಿದೆ. ವಿಜಯದಶಮಿ ಕಳೆದು ಆಫೀಸು ತೆರೆದ ದಿನ ಗಿರಿಜಾ ಅವರ ಜೊತೆ ನಾನೇ ಜೆ.ಪಿ. ನಗರಕ್ಕೆ ಹೋಗಿ ಹೊಸ ಕಂಪ್ಯೂಟರಿಗೆ ನನ್ನ ಪ್ರೋಗ್ರಾಮ್ ಹಾಕಿ, ಮ್ಯಾನೇಜರಿಗೆ ನನ್ನ ಫೋನ್ ನಂಬರ್ ಕೊಟ್ಟು, ಎದೆಯುಬ್ಬಿಸಿಕೊಂಡು ಬಂದೆ.

ಹನ್ನೆರಡು ದಿನದ ನಂತರ ಆ ಮ್ಯಾನೇಜರ್ ಫೋನ್ ಮಾಡಿದರು. ಒಳ್ಳೆಯ ಮನುಷ್ಯ. ಹೇಳಲು ಒದ್ದಾಡುತ್ತಿದ್ದುದು ಗೊತ್ತಾಗುತ್ತಿತ್ತು.

"ಸಾರ್, ನಿಮ್ಮ ಸಾಫ್ಟ್‌ವೇರ್ ಬಗ್ಗೆ ನಾನೇನೂ ಹೇಳ್ತಿಲ್ಲ. ಮೇಡಂ ಕೈಯಲ್ಲಿ ಆಗ್ತಿಲ್ಲ ಅನ್ಸುತ್ತೆ. ಬನಶಂಕರಿ ಅಂಗಡಿಯವರು ನೂರು ಸ್ಟ್ರಿಪ್ ಕೇಳಿದ್ರೆ ಹತ್ತು ಅಂತ ಹಾಕಿದಾರೆ. ಇನ್ನೊಬ್ರು ಇನ್ನೂರೈವತ್ತು ಕೇಳಿದ್ರೆ ಇಪ್ಪತ್ತೈದು. ಒಂದ್ಸಲ ಅಲ್ಲ, ಐದಾರು ಸಲ ಆಗಿದೆ. ಮೊದಲು ಹೀಗಿರಲಿಲ್ಲ ಅವರು."

ನನಗೆ ಬಂದದ್ದು ಸಿಟ್ಟು. ಯಾರ ಮೇಲೆ? ಗಿರಿಜಾ ಅವರ ಮೇಲೆ. ನಾನು ಇಷ್ಟು ತಿಂಗಳು ಒದ್ದಾಡಿ ಮಾಡಿಕೊಟ್ಟಿದ್ದನ್ನು ಗಮನವಿಟ್ಟು ಓದಬಾರದೇ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಆ ಸಂಜೆ ಅವರು ಬರುವುದನ್ನೇ ಕಾದಿದ್ದು ಕೆಳಗೆ ಹೋದೆ. ಮಳೆ ಸುರಿಯುತ್ತಿತ್ತು. ಬನಶಂಕರಿಯವರ ಆ ಮೇಲ್ ತೆಗೆಸಿ, ಅವರ ಎಡಗಿವಿಯ ಹತ್ತಿರ ನಿಂತು "ಓದಿ" ಎಂದು ಕೂಗಿದೆ. ಬೆರಳು ಹರಿದುಹೋಗಿ ತುದಿಯಲ್ಲಿ ನಿಂತಿತು.

"ಹತ್ತು," ಎಂದರು.

ಪರದೆಯ ಮೇಲೆ ನೂರು ಇತ್ತು.

"ಇನ್ನೊಂದ್ಸಲ ಓದಿ!"

"ಹತ್ತು ಸಾರ್."

ನಾನು ಇಷ್ಟು ತಿಂಗಳೂ ನೋಡುತ್ತಿದ್ದುದು ಪರದೆಯನ್ನು. ಪರದೆಯ ಮೂಲೆಯಲ್ಲಿ, ಪಿನ್ನುಗಳು ಹೇಗೆ ಎದ್ದಿರಬೇಕು ಎಂದು ನನ್ನ ಪ್ರೋಗ್ರಾಮೇ ಬರೆಯುತ್ತಿದ್ದ ಚಿತ್ರವನ್ನು. ಅದರಲ್ಲಿ ಎಲ್ಲವೂ ಸರಿಯಾಗಿತ್ತು. ಆವತ್ತು ಮೊದಲ ಬಾರಿಗೆ ಬಗ್ಗಿ, ಆ ಕಪ್ಪು ಪಟ್ಟಿಯ ಬಲತುದಿಯನ್ನು ನೋಡಿದೆ. ನೂರರ ಕೊನೆಯ ಸೊನ್ನೆ ಏಳಬೇಕಾಗಿದ್ದ ನಲವತ್ತನೆಯ ಸೆಲ್ ಚಪ್ಪಟೆಯಾಗಿತ್ತು. ಎಲ್ಲ ಪಿನ್ನುಗಳೂ ಏಳುವಂತೆ ಕಳಿಸಿ ನೋಡಿದೆ. ಮೂವತ್ತೊಂಬತ್ತು ಎದ್ದವು, ಕೊನೆಯದು ಏಳಲಿಲ್ಲ. ಸಾಧನದಲ್ಲಿ ದೋಷವಿರಲಿಲ್ಲ, ನಾನು ಎಣಿಕೆಯಲ್ಲಿ ಒಂದನ್ನು ಬಿಟ್ಟಿದ್ದೆ. ನಾನು ಪರೀಕ್ಷೆಗೆಂದು ಟೈಪ್ ಮಾಡುತ್ತಿದ್ದುದೆಲ್ಲ ನಮಸ್ಕಾರ, ಊಟ ಆಯ್ತಾ ಎಂಬಂಥ ಚಿಕ್ಕ ಸಾಲುಗಳು. ಒಂದೂ ಬಲತುದಿ ಮುಟ್ಟಿರಲಿಲ್ಲ.

"ಕೊನೇ ಸೆಲ್ ಏಳೋದಿಲ್ಲ ಸಾರ್," ಎಂದರು ಗಿರಿಜಾ.

"ಗೊತ್ತಿತ್ತಾ ನಿಮಗೆ?"

"ಮೊದಲ್ನಿಂದಾನೂ. ಅಕ್ಷರ ಹೋದ್ರೆ ಊಹೆ ಮಾಡ್ಕೋತಿದ್ದೆ. ಅಭ್ಯಾಸ ಆಗಿತ್ತು. ಸೊನ್ನೆ ಹೋಗಿದ್ರೆ ಹೋಗಿದೆ ಅಂತಾನೇ ಗೊತ್ತಾಗಲ್ಲ. ಹತ್ತು ಅಂದ್ರೆ ಹತ್ತೇ ಅಂದ್ಕೊಂಡೆ."

"ಯಾಕ್ರೀ ಹೇಳ್ಲಿಲ್ಲ ನನಗೆ? ಪ್ರತಿ ವಾರ ಬಂದು ಕೇಳ್ತಿದ್ನಲ್ಲ!"

ಅವರ ಬೆರಳು ಆ ಕೊನೆಯ ಸೆಲ್ ಮೇಲೆಯೇ ಆಡುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಲು ಬಾಯಿ ತೆರೆದೆ.

"ನೀವು ಓನರ್ ಅಲ್ವಾ ಸಾರ್," ಎಂದರು. "ಮೊದಲು ತ್ಯಾಗರಾಜನಗರದಲ್ಲಿದ್ದೆ. ಅಲ್ಲಿ ಪಂಪ್ ಕೆಟ್ಟಿದೆ ಅಂತ ಎರಡು ಸಲ ಹೇಳ್ದೆ. ಮಗಳ ಮದುವೆ ಇದೆ, ಮನೆ ಬೇಕು ಅಂದ್ರು. ಆಮೇಲೆ ವಿಚಾರಿಸಿದ್ರೆ ಮದುವೆನೂ ಇಲ್ಲ, ಏನೂ ಇಲ್ಲ. ನನ್ನಂಥವರಿಗೆ ಮನೆ ಸಿಗಲ್ಲ ಸಾರ್. ಗ್ಯಾಸ್ ಹಚ್ಚಿ ಮರೀತೀರಿ ಅಂತಾರೆ. ಇಲ್ಲಿ ಬಸ್ ಸ್ಟಾಪಿಗೆ ದಾರಿ ಕಾಲಿಗೆ ಗೊತ್ತಾಗಿದೆ. ನೀವು ಕೂಲಿ ಇಲ್ಲದೆ ಕೂತು ಮಾಡ್ಕೊಟ್ಟಿದ್ದು. ಅದರಲ್ಲಿ ತಪ್ಪಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಒಂದು ಸೆಲ್ ತಾನೆ, ಅಡ್ಜಸ್ಟ್ ಮಾಡ್ಕೊಳ್ಳೋಣ ಅಂದ್ಕೊಂಡೆ."

ಡಿಸ್‌ಪ್ಲೇಯನ್ನು ಟವಲ್ಲಿನಲ್ಲಿ ಸುತ್ತಿಕೊಂಡೆ. ಮೇಲೆ ಬಂದು ಸರಿಮಾಡಿದೆ. ಪ್ರೋಗ್ರಾಮಿನಲ್ಲಿ ಒಂದು ಕಡೆ ಮೂವತ್ತೊಂಬತ್ತು ಎಂದಿದ್ದುದನ್ನು ನಲವತ್ತು ಎಂದು ತಿದ್ದಿದೆ. ಸುಧಾ ಇಟ್ಟುಹೋದ ಕಾಫಿ ಇನ್ನೂ ಬಿಸಿಯಾಗಿತ್ತು.

ಮರುದಿನ ಬೆಳಗ್ಗೆ ಗಿರಿಜಾ ಅವರಿಗಿಂತ ಮೊದಲೇ ಆಫೀಸಿಗೆ ಓಡಿದೆ. ತಪ್ಪು ನನ್ನದು, ಅವರದಲ್ಲ, ಇನ್ನು ಒಂದು ವಾರ ಕೊಡಿ ಎಂದು ಮ್ಯಾನೇಜರಿಗೆ ಕೈಮುಗಿದೆ. ಅವರು ನೀರು ತರಿಸಿಕೊಟ್ಟರು. "ನಿಮ್ಮ ಮಾತು ನಂಬ್ತೀನಿ ಸಾರ್. ಆದ್ರೆ ಇದು ಔಷಧಿ. ಅಂಗಡಿಯವರು ಇನ್ನು ಆ ಮೇಡಂ ಕೈಲಿ ಆರ್ಡರ್ ಹಾಕಿಸ್ಬೇಡಿ ಅಂತಿದಾರೆ. ಮೇಲಿನವರು ಆಗಲೇ ಬೇರೆಯವರನ್ನ ತಗೊಂಡಾಯ್ತು." ಅವರ ಹಿಂದೆ, ಗಿರಿಜಾ ಕೂರುತ್ತಿದ್ದ ಜಾಗದಲ್ಲಿ ಚಿಕ್ಕ ವಯಸ್ಸಿನ ಒಬ್ಬಳು ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತಿದ್ದಳು. ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು.

ಹಬ್ಬದ ಮಾರನೆಯ ವಾರ ಟ್ರಸ್ಟಿನವರು ಬಂದರು. ಡಿಸ್‌ಪ್ಲೇ ಕೊಡುವುದು ಕೆಲಸದಲ್ಲಿರುವವರಿಗೆ ಮಾತ್ರವಂತೆ, ಕೆಲಸ ಬಿಟ್ಟರೆ ವಾಪಸ್ ಕೊಡಬೇಕಂತೆ. ನಾನು ವಾದ ಮಾಡಿದೆ. ಬಂದಿದ್ದವನಿಗೂ ಬೇಜಾರೇ ಇತ್ತು. ಅವನು ನಿಯಮ ಮಾಡಿದವನಲ್ಲ. ಗಿರಿಜಾ ಮೆತ್ತನೆಯ ಬ್ರಷ್ಷಿನಿಂದ ಸೆಲ್ಲುಗಳ ನಡುವೆ ಕೂತಿದ್ದ ಪೌಡರನ್ನೆಲ್ಲ ಒರೆಸಿ, ಟವಲ್ ಸಮೇತ ಕೊಟ್ಟುಬಿಟ್ಟರು. ಕಾರ್ತಿಕ ಮುಗಿಯುವ ಮೊದಲು ಸುದ್ದಗುಂಟೆಪಾಳ್ಯದಿಂದ ಅವರ ತಮ್ಮ ಆಟೋ ತಂದು ಕರೆದುಕೊಂಡು ಹೋದ. ಹೊರಡುವಾಗ ನನ್ನ ಕೈಗೆ ಬೀಗದ ಕೈ ಇಟ್ಟು, "ತುಂಬ ಉಪಕಾರ ಆಯ್ತು ಸಾರ್" ಎಂದರು. ಆ ಮಾತು ಕೇಳುವುದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಒಂದು ತಿಂಗಳು ಬಿಟ್ಟು ನೋಡಲು ಹೋದೆ. ತಮ್ಮನ ಮನೆ ಇಕ್ಕಟ್ಟಿನದು. ಹಾಲಿನ ಮೂಲೆಯಲ್ಲಿ ಮಂಚದ ಮೇಲೆ ಕೂತಿದ್ದರು. ತಮ್ಮನ ಹೆಂಡತಿ ಅವರ ಎಡಗಿವಿಗೆ ಬಾಯಿಟ್ಟು ನಾನು ಬಂದಿರುವುದನ್ನು ಹೇಳಿದಳು. ನಾನು ಬೇರೇನೂ ತೋಚದೆ, ಆ ಪ್ರೋಗ್ರಾಮಿನಲ್ಲಿ ಇನ್ನೂ ಏನೇನು ತಪ್ಪಿತ್ತು ಎಂದು ಅವಳ ಮೂಲಕ ಕೇಳಿಸಿದೆ.

ಅವರು ಸ್ವಲ್ಪ ನಕ್ಕರು. "ಈಗ ಹೇಳ್ಬಹುದು ಅಲ್ವಾ?"

ಹೇಳುತ್ತ ಹೋದರು. ಮಿಣುಕುವ ಕರ್ಸರ್ ಕಣ್ಣಿಗೆ ಚಂದವೇನೋ, ಬೆರಳಿನ ಕೆಳಗೆ ಪಿನ್ ಹಾರಿ ಹಾರಿ ಓದಿದ್ದೇ ಮರೆತುಹೋಗುತ್ತದೆ. ಓದುತ್ತಿರುವಾಗಲೇ ಹೊಸ ಮೇಲ್ ಬಂದರೆ ಸಾಲು ತಾನಾಗಿ ಬದಲಾಗುತ್ತದೆ. ಮುಂದಿನ ಸಾಲಿಗೆ ಹೋಗುವ ಗುಂಡಿ ಎರಡೆರಡು ಸಲ ಒತ್ತಿದಂತಾಗುತ್ತದೆ. ಹೀಗೆ ಹನ್ನೊಂದು. ನಾನು ಜೇಬಿನಲ್ಲಿದ್ದ ಬಸ್ ಟಿಕೆಟ್ಟುಗಳ ಹಿಂದೆಲ್ಲ ಬರೆದುಕೊಂಡೆ. ನಡುನಡುವೆ ನಮ್ಮ ಮನೆಯ ವಿಷಯವೂ ಬಂತು. ಬಚ್ಚಲ ನಲ್ಲಿ ಮೊದಲ ದಿನದಿಂದ ಸೋರುತ್ತಿತ್ತಂತೆ. ಗೇಟಿನ ಚಿಲಕ ಎರಡು ಸಲ ಕೈ ಕೊಯ್ದಿತ್ತಂತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಹೇಳುತ್ತಿದ್ದರು, ಅಷ್ಟೆ.

ಇದನ್ನೆಲ್ಲ ಸರಿಮಾಡಿ, ಹೇಗಾದರೂ ಮಾಡಿ ಡಿಸ್‌ಪ್ಲೇ ವಾಪಸ್ ಕೊಡಿಸುತ್ತೇನೆ ಎಂದು ಹೇಳಿಸಿದೆ. ಅವರು ಬೇಡವೆಂಬಂತೆ ತಲೆಯಾಡಿಸಿದರು.

"ಕೆಲಸ ಇಲ್ಲ. ಇನ್ನು ಅದನ್ನಿಟ್ಕೊಂಡು ಯಾರ ಕಾಗದ ಓದ್ಲಿ ಸಾರ್?"

ಆದರೂ ನಾನು ಬಿಡಲಿಲ್ಲ. ಟ್ರಸ್ಟಿನವರ ಕೈಕಾಲು ಹಿಡಿದು, ಅವರ ಬೀರುವಿನಲ್ಲಿ ಬಿದ್ದಿದ್ದ ಅದೇ ಡಿಸ್‌ಪ್ಲೇ ತೆಗೆಸಿ, ಮೂರು ಶನಿವಾರ ಅವರ ಆಫೀಸಿನಲ್ಲೇ ಕೂತು ಹನ್ನೊಂದನ್ನೂ ಸರಿಮಾಡಿದೆ. ಒಂದೂ ಕಷ್ಟದ್ದಾಗಿರಲಿಲ್ಲ. ಮೂರು ಸಿಸ್ಟಮ್ಮಿನಲ್ಲೂ ಓಡಿಸಿ ನೋಡಿದೆ. ಈ ಸಲ ಪರದೆಯ ಕಡೆ ತಿರುಗದೆ ಪಿನ್ನುಗಳನ್ನೇ ನೋಡಿದೆ. ಕಣ್ಣಿಗೆ ಸರಿ ಕಂಡಿತು. ಬೆರಳಿಗೆ ಹೇಗೋ ನನಗೆ ಗೊತ್ತಿಲ್ಲ. "ಈ ಮಾಡೆಲ್ ಈಗ ಯಾರೂ ಕೇಳಲ್ಲ ಸಾರ್, ಆದ್ರೂ ಇರಲಿ" ಎಂದು ಅವರು ನನ್ನ ಪ್ರೋಗ್ರಾಮನ್ನು ತೆಗೆದಿಟ್ಟುಕೊಂಡರು.

ಮಾಘದ ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಮತ್ತೆ ಸುದ್ದಗುಂಟೆಪಾಳ್ಯಕ್ಕೆ ಹೋದೆ. ಮನೆಯಲ್ಲಿ ತಮ್ಮನ ಹೆಂಡತಿ ಅಡುಗೆ ಮಾಡುತ್ತಿದ್ದಳು, "ಈಗೀಗ ಕಿವಿ ಕೇಳೋದು ತುಂಬ ಕಮ್ಮಿ ಆಗಿದೆ ಅಂಕಲ್" ಎಂದು ಒಳಗಿನಿಂದಲೇ ಹೇಳಿದಳು. ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಗಿರಿಜಾ ಅವರ ಎಡಗಿವಿಯ ಹತ್ತಿರ ಬಗ್ಗಿದೆ.

"ಹನ್ನೊಂದೂ ಸರಿಮಾಡಿದೀನಿ!"

ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ. ಆಗ ಅವರು ನನ್ನ ದಿಕ್ಕಿಗೆ ಎಡಗೆನ್ನೆ ತಿರುಗಿಸಿ, ಮುಗುಳ್ನಕ್ಕು, ತಲೆಯಾಡಿಸಿದರು.

"ಹೌದಾ ಸಾರ್? ಒಳ್ಳೇದಾಯ್ತು."

ಅವರ ಕಿವಿಗೆ ಬಿದ್ದಿತ್ತೇ, ಅಥವಾ ದೂರದಿಂದ ಬಂದಿದ್ದಾನೆ, ಪಾಪ ಎಂದು ನನ್ನನ್ನೂ ಅಡ್ಜಸ್ಟ್ ಮಾಡಿಕೊಂಡರೇ, ತಿಳಿಯಲಿಲ್ಲ. ನಾನು ಏನು ಹೇಳಿದೆ, ಹೇಳಿ ನೋಡೋಣ ಎಂದು ಕೇಳಬಹುದಿತ್ತು. ಕೇಳಲು ಧೈರ್ಯವಾಗಲಿಲ್ಲ.